ಓಡೋರನ್ನ ಹಿಡಿಯೋ ಕ್ಯಾಮೆರಾ

ಕಮಲಾಪುರದಲ್ಲಿ ಹುಡುಗಿಯರ ಕಬಡ್ಡಿ ಫೋಟೊ ತೆಗೆಯುವ ಕೆಲಸ ಸಿಕ್ಕಿತ್ತು. ಕ್ಯಾಮೆರಾ ಕೊಳ್ಳಲು ಕಲಬುರಗಿಯ ಜಗತ್ ವೃತ್ತದಲ್ಲಿರುವ ಅಂಗಡಿಗೆ ಹೋದೆ. ಕಬಡ್ಡಿಗೆಂದು ಹೊಳೆಯುವ ಹೊಸದೊಂದನ್ನು ಕೇಳಿದರೆ ಅಂಗಡಿಯ ಚಾಚಾ ಕೊಡಲೇ ಇಲ್ಲ.

“ಇದು ಮದುವಿ ಮನಿಗೆ ಛಲೋ ಅದ ಬೇಟಿ. ಓಡೋರು ಇದರ ಕೈಗೆ ಸಿಗಂಗಿಲ್ಲ” ಎಂದು ಅರ್ಧ ಬೆಲೆಯ ಹಳೆಯದೊಂದನ್ನು ಮುಂದಿಟ್ಟರು. “ಬಾಗಿಲದಾಗ ನಿಂತು ಎರಡರಾಗೂ ಆಟೊದ ಫೋಟೊ ತಗದು ನೋಡು.”

ಹೊಸದರಲ್ಲಿ ಆಟೊ ಬರೀ ಹಳದಿ ಮಸುಕು. ಹಳೆಯದರಲ್ಲಿ ಚಾಲಕ ಉಗುಳಿದ ಎಲೆಅಡಿಕೆ ಕೂಡ ಗಾಳಿಯಲ್ಲೇ ನಿಂತಿತ್ತು! ಅದನ್ನೇ ಕೊಂಡೆ.

ಮರುದಿನ ಕಮಲಾಪುರದಲ್ಲಿ, ಎದುರಾಳಿಗಳ ಹಿಡಿತದಲ್ಲಿದ್ದ ಹುಡುಗಿ ನಡುಗೆರೆ ಮುಟ್ಟಿದಳೋ ಇಲ್ಲವೋ ಎಂದು ಜಗಳ ಬಿತ್ತು. ನನ್ನ ಫೋಟೊದಲ್ಲಿ ಅವಳ ಬೆರಳು ಗೆರೆಯ ಮೇಲಿತ್ತು. ರೆಫರಿಗೆ ತೋರಿಸಿದೆ, ಅವಳ ತಂಡಕ್ಕೆ ಪಾಯಿಂಟ್ ಸಿಕ್ಕಿತು.

“ಭಾಳ ಉಪಕಾರ ಆತ್ರೀ ಅಕ್ಕಾ” ಎಂದು ಅವಳು ನನ್ನ ಕೈ ಹಿಡಿದಳು. ಆ ಮಾತನ್ನು ಫೋನಿನಲ್ಲಿ ಚಾಚಾಗೆ ಮುಟ್ಟಿಸಿದೆ, ಸಲ್ಲಬೇಕಾದ್ದು ಅವರಿಗೇ.

ಎದುರು ತಂಡದ ಕೋಚ್ ಮಾತ್ರ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.