ಅಂಚಿಗೆ ಸರಿದ ಸಾಲು

ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ, ಮೆಟ್ಟಿಲು ಹತ್ತಿದರೆ ಸಿಗುವ ಸಣ್ಣ ಕೋಣೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು ನನ್ನ ಕೆಲಸ. ಮಧ್ಯಾಹ್ನ ರೊಟ್ಟಿ ಉಂಡು ಆ ಕಪ್ಪು ಪರದೆಯ ಮುಂದೆ ಕೂತರೆ ನನಗೆ ಅರ್ಧ ಎಚ್ಚರ, ಅರ್ಧ ಕನಸು. ಕೆಳಗೆ ಲೇಥ್ ಯಂತ್ರಗಳ ಗುಂಯ್ ಸದ್ದು, ಕಿಟಕಿಯಲ್ಲಿ ಅಲ್ಲಾಡದೆ ನಿಂತ ಮೋಡ. ಬಿಳಿ ಗೆರೆಗಳ ನಡುವೆ ಅಕ್ಷರಗಳು ತೇಲುತ್ತಿದ್ದವು, ನಾನೂ ತೇಲುತ್ತಿದ್ದೆ. ಪಕ್ಕದ ಕುರ್ಚಿಯ ಗೆಳತಿ, “ಏನವಾ, ಪರದೆಯೊಳಗ ಇಳದೀಯೇನು? ಹತ್ತಿ ಬಾ, ಚಾ ಬಂದೈತಿ,” ಎಂದು ಛೇಡಿಸುತ್ತಿದ್ದಳು.

ಆ ಅಕ್ಷರಗಳ ಮೇಲೆ ನನಗೆ ವಿಪರೀತ ಮೋಹ. ನನಗಿಂತ ಮುಂಚೆ ಇದ್ದವರು ಎಷ್ಟು ಆಳ, ಎಷ್ಟು ಅಗಲ ಎಂಬ ಸೂಚನೆಗಳನ್ನು ಕಂಡಕಂಡಲ್ಲಿ ಚೆಲ್ಲಿದ್ದರು. ತೂತಿನ ಪಕ್ಕ ಒಂದು, ಗೆರೆಯ ಮೇಲೊಂದು, ಒಂದು ದೊಡ್ಡದು, ಒಂದು ಸಣ್ಣದು. ನೋಡಿದರೆ ಮೈ ಉರಿಯುತ್ತಿತ್ತು. ನಮ್ಮವ್ವ ಹಿಟ್ಟಿನ ಡಬ್ಬಿಗಳನ್ನೂ ಸಾಲು ತಪ್ಪದಂತೆ ಇಡುವವಳು; ಆಕೆಯ ಮಗಳಲ್ಲವೇ ನಾನು? ಹಳೆಯ ನಕ್ಷೆಗಳನ್ನು ಒಂದೊಂದಾಗಿ ತೆರೆದು, ಎಲ್ಲ ಸೂಚನೆಗಳನ್ನೂ ಎತ್ತಿ ಹಾಳೆಯ ಬಲ ಅಂಚಿಗೆ ತಂದೆ. ಒಂದೇ ಅಳತೆಯ ಅಕ್ಷರ, ಒಂದೇ ಅಂತರ, ಎಡಗಡೆ ನೂಲು ಹಿಡಿದಂತೆ ನೇರ. ಆಮೇಲೆ ಕುರ್ಚಿಗೆ ಒರಗಿ, ನಡುವೆ ಉಳಿದ ಖಾಲಿ ಜಾಗವನ್ನು ನೋಡುತ್ತ ಎಷ್ಟೋ ಹೊತ್ತು ಕಳೆದುಹೋಗುತ್ತಿದ್ದೆ. ಎಂಥ ಸುಖ ಅದು!

ಹೀಗೆ ಸಿಂಗರಿಸಿದ ಒಂದು ನಕ್ಷೆ ಕೆಳಗೆ ಕಾಕಾನ ಕೈಗೆ ಹೋಯಿತು. ಕಾಕಾ ನಮ್ಮ ಎಲ್ಲರಿಗಿಂತ ಹಳೆಯ ಕೆಲಸಗಾರ. ಮೂವತ್ತು ವರ್ಷದಲ್ಲಿ ಅವರು ಮಾಡಿದ ಒಂದು ತುಂಡೂ ವಾಪಸು ಬಂದಿರಲಿಲ್ಲ. ಈ ಸಲ ನಲವತ್ತು ಬಂದವು. ತೂತು ಹನ್ನೆರಡು ಮಿಲಿಮೀಟರ್ ಆಳಕ್ಕೆ ನಿಲ್ಲಬೇಕಿತ್ತು. ಕಾಕಾ ಆರಪಾರ, ಆಚೆ ಬದಿಗೆ ಹಾಯುವಂತೆ ಕೊರೆದಿದ್ದರು.

ಮಾಲಕರು ಇಬ್ಬರನ್ನೂ ಕರೆದರು. ಮೇಜಿನ ಮೇಲೆ ಹರವಿದ್ದ ನಕ್ಷೆಯ ಬಲ ಅಂಚಿಗೆ ಬೆರಳಿಟ್ಟರು.

“ಇಲ್ಲೇ ಬರದೈತಲ್ರಿ! ಕಣ್ಣ ಮನ್ಯಾಗ ಇಟ್ಟ ಬಂದಿದ್ರೇನು? ನಾಳಿಂದ ಮಶೀನ್ ಮುಟ್ಟಬ್ಯಾಡ್ರಿ, ಪ್ಯಾಕಿಂಗಿಗೆ ಹೋಗ್ರಿ.”

ಕಾಕಾ ತಲೆ ತಗ್ಗಿಸಿದರು. “ಖರೇ ರೀ, ಬರದಾರ. ನಾನಽ ನೋಡಲಿಲ್ರಿ.”

“ಹುಡುಗಿ ನೋಡ್ರಿ, ಎಷ್ಟು ಛಲೋ ಬರದಾಳ,” ಎಂದರು ಮಾಲಕರು. ಈ ಹೊಗಳಿಕೆಗೆ ನಾನು ಮೂರು ವರ್ಷ ಕಾದಿದ್ದೆ. ಆ ಸೂಚನೆಯನ್ನು ತೂತಿನ ಪಕ್ಕದಿಂದ ಎತ್ತಿದವಳು ನಾನೇ ಎಂಬುದು ಆಗಲೇ ಹೊಳೆದಿತ್ತು. ಆದರೂ ಆ ಹೊಗಳಿಕೆ ಕಟ್ಟಿಕೊಂಡು ಹೊರಗೆ ಬಂದೆ. ನಾಚಿಕೆಗೆಟ್ಟವಳು ನಾನು.

ಕಾಲು ಮಾತ್ರ ನನ್ನ ಕೋಣೆಗೆ ಹೋಗಲೊಲ್ಲದು. ಕಾಕಾನ ಯಂತ್ರದ ಹತ್ತಿರ ಇಳಿದು ಹೋದೆ. ಮೂರು ವರ್ಷದಲ್ಲಿ ಅದೇ ಮೊದಲು. ಎಣ್ಣೆ ತಾಗದಿರಲೆಂದು ನಕ್ಷೆಗಳು ಪ್ಲಾಸ್ಟಿಕ್ ಚೀಲಗಳಲ್ಲಿ ತೂಗುತ್ತಿದ್ದವು. ಚೀಲ ಸಣ್ಣದು, ಹಾಳೆ ದೊಡ್ಡದು. ಅದಕ್ಕೇ ಚಿತ್ರ ಮುಂದೆ ಬರುವಂತೆ ಅಂಚುಗಳನ್ನು ಹಿಂದಕ್ಕೆ ಮಡಚುವುದು ಅಲ್ಲಿಯ ರೂಢಿ. ನನ್ನ ಚೆಂದದ ಸಾಲುಗಳೆಲ್ಲ ಹಾಳೆಯ ಬೆನ್ನಿಗೆ ಹೋಗಿದ್ದವು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವರು ಕಾಕಾ. ಸಂಕಟಕ್ಕೆ ಅಲ್ಲೇ ಅತ್ತುಬಿಟ್ಟೆ.

ಮತ್ತೆ ಮಾಲಕರ ಬಾಗಿಲಿಗೆ ಹೋದೆ. “ಸರ್, ತಪ್ಪು ಕಾಕಾಂದಲ್ರಿ, ನಂದು. ತೂತಿನ ಬಾಜೂಕ ಇದ್ದ ಮಾತು ನಾನಽ ಎತ್ತಿ ಅಂಚಿಗಿಟ್ಟೇನ್ರಿ. ಹಾಳಿ ಮಡಚಿದ್ರ ಅದು ಕಾಣಂಗಿಲ್ರಿ.”

ಬೈಗುಳ ಬಿದ್ದವು, ಬೀಳಬೇಕಾದವೇ. ಕಾಕಾ ಯಂತ್ರದ ಮೇಲೆ ಉಳಿದರು. ನಾನು ವಾರವಿಡೀ ಕೂತು ಒಂದೊಂದು ಸೂಚನೆಯನ್ನೂ ಮತ್ತೆ ಅದರದರ ಜಾಗಕ್ಕೆ ಕಳಿಸಿದೆ.

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಆದರೆ ಈಗ ಹೊಸ ಕೆಲಸ ಬಂದಾಗಲೆಲ್ಲ ಕಾಕಾ ಒಂದು ಕೈಲಿ ನಕ್ಷೆ, ಒಂದು ಕೈಲಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಯಾರನ್ನೂ ಒಂದು ಮಾತು ಕೇಳದೆ ಕೆಲಸ ಮಾಡುತ್ತಿದ್ದ ಮನುಷ್ಯ!

“ಇಷ್ಟಽ ಏನವಾ? ಮತ್ತೇನರ ಐತೇನು?”

“ಇಷ್ಟಽ ಕಾಕಾ, ನನ್ನಾಣಿ.”

ತಲೆಯಾಡಿಸುತ್ತಾರೆ. ಬಾಗಿಲ ತನಕ ಹೋಗಿ ನಿಲ್ಲುತ್ತಾರೆ. ನಾನು ನೋಡುತ್ತಿಲ್ಲ ಎಂದುಕೊಂಡು ಹಾಳೆಯನ್ನು ತಿರುವಿ, ಏನೂ ಬರೆಯದ ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.