ಐವತ್ತು ಆವರ್ತ, ನಾಲ್ಕು ಸ್ವರ

ಆ ದಿನಗಳಲ್ಲಿ, ಕಡಲು ದಾಟಿ ಬಂದು ನೆಲೆಸಿದ್ದ ಡ್ಯಾಂಡಿನಾಂಗಿನ ನಮ್ಮ ಬೀದಿಯಲ್ಲಿ ಟ್ರಂಪೆಟ್ ಊದುತ್ತಿದ್ದವಳು ನಾನೊಬ್ಬಳೇ. ಎರಡು ಸಾವಿರದ ನಾಲ್ಕೋ ಐದೋ ಇಸವಿ, ನನಗೆ ಹನ್ನೆರಡು ವರ್ಷ. ಶಾಲೆಯಿಂದ ತಂದ ಹಳೆಯ ಟ್ರಂಪೆಟ್ಟಿಗೆ ಹಿತ್ತಾಳೆಯ ವಾಸನೆ, ಜೊತೆಗೆ ಯಾರ‍್ಯಾರದೋ ಎಂಜಲಿನ ವಾಸನೆ. ಅಮ್ಮ ಊದುವ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಹುಣಸೆಹಣ್ಣಿನಲ್ಲಿ ತಿಕ್ಕಿದರೂ ಅದು ಹೋಗಲಿಲ್ಲ.

ಅಮ್ಮ ಹಾಸನದವರು, ಅಪ್ಪ ಕೊಂಕಣಿ ಮಾತಿನ ಮಂಗಳೂರಿನವರು. ಹಾಗಾಗಿ ಮನೆಯಲ್ಲಿ ಕೊಂಕಣಿಗಿಂತ ಕನ್ನಡವೇ ಹೆಚ್ಚು. ಅಪ್ಪ ಹುಡುಗನಾಗಿದ್ದಾಗ ಇಗರ್ಜಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು. ಮಗಳು ಶಾಲೆಯ ಆರ್ಕೆಸ್ಟ್ರಾ ಸೇರಿದಳೆಂದು ತಾನು ಕೆಲಸ ಮಾಡುವ ವೇರ್‌ಹೌಸಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು. ಆದರೆ ನನ್ನ ಪಾಲಿನ ಸ್ವರದ ಹಾಳೆ ನೋಡಿ ಅವರ ಮುಖ ಸಣ್ಣಗಾಯಿತು.

“ಇದೆಂತದು, ಪೂರಾ ಖಾಲಿ ಉಂಟಲ್ಲ? ಬ್ಯಾಂಡಿನಲ್ಲಿ ನಮಗೆ ಉಸಿರು ತೆಗೀಲಿಕ್ಕೆ ಪುರ್ಸೊತ್ತಿರಲಿಲ್ಲ. ನಿನಗೆ ಕೂತುಕೊಳ್ಳುವುದೇ ಕೆಲಸವಾ?”

ಆರ್ಕೆಸ್ಟ್ರಾ ನಡೆಸುವ ಸಂಗೀತದ ಮಿಸ್ ನಮಗೆ ತರಗತಿಯಲ್ಲಿ ಹೇಳಿದ್ದನ್ನು ಅಪ್ಪನಿಗೆ ಒಪ್ಪಿಸಿದೆ. ಈ ಸಂಗೀತ ಬರೆದ ಕಾಲದಲ್ಲಿ ಟ್ರಂಪೆಟ್ಟಿಗೆ ಗುಂಡಿಗಳೇ ಇರಲಿಲ್ಲವಂತೆ. ಬರೀ ಉದ್ದ ಕೊಳವೆ, ತುಟಿ ಬಿಗಿದು ಊದಿದರೆ ಸಿಗುತ್ತಿದ್ದದ್ದು ಕೆಲವೇ ಸ್ವರ. ಅದಕ್ಕೇ ಅದನ್ನು ನಗಾರಿಯ ಪಕ್ಕ ಕೂರಿಸಿ, ಸಂಗೀತ ಉಕ್ಕೇರುವ ಕಡೆ ಮಾತ್ರ ಊದಿಸುತ್ತಿದ್ದರು. ಗುಂಡಿ ಬಂದು, ಅದು ಪಿಟೀಲಿನ ಹಾಗೆ ರಾಗ ಎಳೆಯಲು ಕಲಿತದ್ದು ಎಷ್ಟೋ ಕಾಲದ ಮೇಲೆ. ನಮ್ಮ ಕಛೇರಿಗೆ ಆರಿಸಿದ್ದು ಹಳೆಯ ಸಂಗೀತ. ಐವತ್ತು ಆವರ್ತ ನಾನು ಬಾಯಿ ಮುಚ್ಚಿ ಕೂರಬೇಕು, ಆಮೇಲೆ ನಗಾರಿಯ ಜೊತೆ ನಾಲ್ಕೇ ಸ್ವರ.

ಆ ಐವತ್ತು ನನ್ನ ಜೀವ ಹಿಂಡಿತು. ಪಿಟೀಲಿನವರು ಹನ್ನೆರಡು ಮಂದಿ, ಒಬ್ಬರು ತಪ್ಪಿದರೆ ಉಳಿದವರ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಟ್ರಂಪೆಟ್ಟಿಗೆ ನಾನೊಬ್ಬಳೇ, ಒಂದು ಆವರ್ತ ಮೊದಲು ಊದಿದರೆ ಸಭೆಗೆ ಸಭೆಯೇ ಬೆಚ್ಚಿಬೀಳುತ್ತದೆ. ಅಭ್ಯಾಸದಲ್ಲಿ ಇಪ್ಪತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತಿತ್ತು. ಗೆಳತಿಯರು ನೆಟ್‌ಬಾಲ್ ಆಡುವಾಗ ನಾನು ಬೇಲಿಯ ಕಂಬ ಎಣಿಸುತ್ತಿದ್ದೆ.

ಕೊನೆಗೆ ಅಪ್ಪ ತಮ್ಮ ಜಪಸರ ತಂದು ಕೈಗಿಟ್ಟರು. “ಈ ಸುತ್ತಿನಲ್ಲಿ ಐವತ್ತು ಸಣ್ಣ ಮಣಿ ಉಂಟು. ಆವರ್ತಕ್ಕೊಂದು ಜಾರಿಸು. ದೊಡ್ಡದು ಲೆಕ್ಕಕ್ಕಿಲ್ಲ. ಎಂತ ಹೆದರುವುದು ಮಾರಾಯ್ತಿ!” ಅಡುಗೆಮನೆಯ ಮೇಜನ್ನು ಅವರು ಬೆರಳಲ್ಲಿ ಬಡಿಯುತ್ತಿದ್ದರು, ನಾನು ಮಣಿ ಜಾರಿಸುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ.

ಕಛೇರಿ ಶನಿವಾರ ಮಧ್ಯಾಹ್ನ. ಅಪ್ಪ ರಜೆ ಹಾಕಿ, ಮದುವೆಯ ಕೋಟು ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು. ಎಡಗೈಯಲ್ಲಿ ಟ್ರಂಪೆಟ್ ತೊಡೆಯ ಮೇಲಿಟ್ಟುಕೊಂಡು, ಬಲಗೈಯನ್ನು ಜೇಬಿನ ಜಪಸರಕ್ಕೆ ಇಳಿಸಿದೆ. ಒಂದು, ಎರಡು, ಮೂರು ಮಣಿ ಸರಿಯಾಗಿಯೇ ಜಾರಿದವು. ನಾಲ್ಕನೆಯದಕ್ಕೆ ಎದೆ ಎಷ್ಟು ಹೊಡೆದುಕೊಂಡಿತೆಂದರೆ, ನನಗೇ ತಿಳಿಯದಂತೆ ತುಟಿ ಅಲ್ಲಾಡತೊಡಗಿತು. ನಮೋ ಮರಿಯಾ, ನಮೋ ಮರಿಯಾ. ಹುಟ್ಟಿದಾಗಿನಿಂದ ಆ ಮಣಿ ಹಿಡಿದು ಮಾಡಿದ್ದು ಅದೊಂದೇ ತಾನೇ! ಕಣ್ಣು ಮುಚ್ಚಿಕೊಂಡು, ಮಣಿಗೊಂದು ಪೂರ್ತಿ ಪ್ರಾರ್ಥನೆ ಹೇಳುತ್ತಾ ಹೋದೆ.

ಪಕ್ಕದಲ್ಲಿ ನಗಾರಿ ಗುಡುಗಿತು. ಕಣ್ಣು ಬಿಟ್ಟರೆ ಮಿಸ್ಸಿನ ಎಡಗೈ ನನ್ನ ಕಡೆಗೇ ಚಾಚಿದೆ. ಒಂದೊಂದು ಪ್ರಾರ್ಥನೆಗೆ ಆರೇಳು ಆವರ್ತ ಸರಿದಿದ್ದವು, ನಾನಿನ್ನೂ ಮೊದಲ ಹತ್ತು ಮಣಿಗಳನ್ನೇ ದಾಟಿರಲಿಲ್ಲ. ಟ್ರಂಪೆಟ್ ತುಟಿಗೆ ಬರುವಷ್ಟರಲ್ಲಿ ನನ್ನ ನಾಲ್ಕು ಸ್ವರದ ಜಾಗ ದಾಟಿಹೋಗಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸಂಗೀತ ಮುಂದೆ ಹೋಯಿತು, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

“ಎಷ್ಟ್ ಚೆನ್ನಾಗ್ ಊದ್ದೆ ಕಣೇ!” ಎಂದು ಅಮ್ಮ ಕಾರಿನಲ್ಲಿ ಕೆನ್ನೆ ಹಿಂಡಿದರು. ಅಪ್ಪ ಕಾರು ಓಡಿಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಇಂಡಿಯನ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಅಮ್ಮ ಕೊತ್ತಂಬರಿ ಸೊಪ್ಪು ತರಲು ಒಳಗೆ ಹೋದ ಮೇಲೆ, ಅಪ್ಪ ತಿರುಗದೆಯೇ ಕೇಳಿದರು.

“ನಾನು ಎಣಿಸ್ತಾ ಇದ್ದೆ. ಐವತ್ತು ಸರಿಯಾಗಿ ಮುಗಿದಿತ್ತು. ನೀನು ಎಲ್ಲಿಗೆ ಹೋಗಿದ್ದೆ?”

“ಸಾರಿ ಡ್ಯಾಡಿ. ಐ ವಾಸ್ ಪ್ರೇಯಿಂಗ್.”

ಬೈಗುಳ ಕಾದೆ. ಅಪ್ಪನ ಹೆಗಲು ಕುಲುಕಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. “ದೇವರು ಎಣಿಸಿ ಕೊಡುವುದಿಲ್ಲ ಮಾರಾಯ್ತಿ, ನಾವೇ ಎಣಿಸಬೇಕು. ಅಮ್ಮನಿಗೆ ಹೇಳಬೇಡ, ಅವಳಿಗೆ ನಿನ್ನ ಟ್ರಂಪೆಟ್ ಕೇಳಿಸಿದೆಯಂತೆ.”

ಅಪ್ಪ ತೀರಿಹೋಗಿ ಆರು ವರ್ಷವಾಯಿತು. ನಾನೀಗ ಸಿಡ್ನಿಯ ಕೆಲ್ಲಿವಿಲ್‌ನಲ್ಲಿದ್ದೇನೆ. ಟ್ರಂಪೆಟ್ ಬಿಟ್ಟು ಬಹಳ ಕಾಲವಾಗಿದೆ, ಅಂಥ ಹೆದರಿಕೆಯೂ ಮತ್ತೆ ಹತ್ತಿರ ಸುಳಿದಿಲ್ಲ. ಆಫೀಸಿನ ಮೀಟಿಂಗಿನಲ್ಲಿ, ನೆಂಟರ ನಡುವೆ, ಬಾಯಿ ಬಿಡಲೇಬೇಕಾದ ಕಡೆ ಎಷ್ಟೋ ಸಲ ಸುಮ್ಮನೆ ಕೂತಿರುತ್ತೇನೆ. ಎಲ್ಲರೂ ಚೆನ್ನಾಗಿತ್ತು ಎಂದು ಎದ್ದು ಹೋಗುತ್ತಾರೆ. ನಾನು ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ.