ತಾಯಿಯಂತಿಲ್ಲದ ಹೂವು

ನೀವೂ ಗಮನಿಸಿರಬಹುದು: ನಾಮಕರಣದ ದಿನ ತೊಟ್ಟಿಲ ಸುತ್ತ ನೆರೆದ ಬಂಧುವರ್ಗ ಮೊದಲು ಕೈಗೊಳ್ಳುವ ಸಂಶೋಧನೆ, ಮಗುವಿನ ಮೂಗಿನ ವಾರಸುದಾರರು ಯಾರೆಂಬುದು. ಬಿಬವೇವಾಡಿಯ ನಮ್ಮ ನೆರೆಮನೆಯಲ್ಲಿ ಮುತ್ತಜ್ಜನನ್ನು ಕಂಡೇ ಇರದ ಸೊಸೆಯಂದಿರು ಅವನ ಮೂಗನ್ನು ಆಣೆ ಮಾಡಿ ಗುರುತಿಸುವಾಗ, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದ ನಾನು ಒಳಗೊಳಗೇ ನಗುತ್ತಿದ್ದೆ. ಆ ನಗೆ ನಿಂತದ್ದು ತೊಂಬತ್ತರ ದಶಕದ ಕೊನೆಯಲ್ಲಿ, ತಳೇಗಾಂವದ ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ.

ಅಳಿವಿನಂಚಿನ ಕಾಡು ಆರ್ಕಿಡ್ ಒಂದನ್ನು ಉಳಿಸುವ ಮಹಾಕಾರ್ಯ ನಮ್ಮದು. ಸಿಕ್ಕ ಒಂದೇ ಗಿಡದ ಚೂರುಗಳಿಂದ ಗಾಜಿನ ಬಾಟಲಿಗಳಲ್ಲಿ ಸಾವಿರಾರು ಸಸಿ ಎಬ್ಬಿಸಿದೆವು. ಒಂದನ್ನೇ ಸಾವಿರ ಸಲ ಉಳಿಸಿದರೆ ಸಾವಿರ ಉಳಿಸಿದಂತೆ ಎಂದು ನಮ್ಮ ನಿರ್ದೇಶಕ, ಧಾರವಾಡದ ದೇಸಾಯರು, ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲೀತಲ್ಲ ಎಂದು ಕೇಳುವಷ್ಟು ಅಸಭ್ಯರು ಆ ಸಭೆಗಳಿಗೆ ಬರುತ್ತಿರಲಿಲ್ಲ.

ವರ್ಷಗಳು ಕಳೆದು ಹೂ ಬಂದಾಗ ಎಲ್ಲವೂ ಅಚ್ಚ ಬಿಳುಪು. ಹೊಸ ಸಹೋದ್ಯೋಗಿ ಸುಮಿತ್ರಾ ಸಲಹಿದ ಒಂದು ಟ್ರೇಯ ಹೂಗಳ ತುಟಿಯಲ್ಲಿ, ಅಂದರೆ ಮುಂಚಾಚಿದ ಕೆಳದಳದಲ್ಲಿ, ಮಾತ್ರ ನೇರಳೆ ಗೆರೆ. ಬಾಟಲಿಯ ಬದುಕಿನಲ್ಲಿ ವಂಶವಾಹಿಗಳು ಹೀಗೆ ಒಮ್ಮೊಮ್ಮೆ ಹಾದಿ ತಪ್ಪುವುದುಂಟು; ಮೊದಮೊದಲ ಚೂರಿನಲ್ಲೇ ತಪ್ಪಿದರೆ ಅದರಿಂದ ಬಂದ ಸಾವಿರವೂ ಅದೇ ಹಾದಿ ಹಿಡಿಯುತ್ತವೆ. ತಾಯಿಯನ್ನು ಹೋಲದ್ದನ್ನು ಸುಡಬೇಕೆಂಬುದು ನಮ್ಮ ನಿಯಮ. ಆದರೆ ತಾಯಿ ಹೇಗಿತ್ತು? ಆ ಗಿಡ ಎಂದೋ ಒಣಗಿತ್ತು. ಇದ್ದ ಏಕೈಕ ಫೋಟೋದಲ್ಲಿ ದೇಸಾಯರು ಹೂವಿಗೆ ಅಡ್ಡಲಾಗಿ ನಿಂತಿದ್ದರು. ಅವರು ನೋಡಿದ್ದು ಕ್ಯಾಮೆರಾವನ್ನು. ಹೂವನ್ನು ನೋಡಿದವರಲ್ಲಿ ಉಳಿದವನು ನಾನೊಬ್ಬನೇ.

"ಬಿಳೀನ ಇತ್ತಲ್ರಿ? ಇಷ್ಟೂ ಹೂವು ಸುಳ್ಳು ಹೇಳ್ತಾವೇನು?" ಎಂದರು ದೇಸಾಯರು.

"ಸರ, ಒಂದ ಗಿಡದ ಚೂರುಗೋಳು ಸಾವಿರ ವೋಟ್ ಹಾಕಿದ್ರ ಅದಕ್ಕ ಬಹುಮತ ಅಂತಾರೇನ್ರಿ?" ಎಂದು ಸುಮಿತ್ರಾ ತಮ್ಮ ಟ್ರೇಯನ್ನು ಎದೆಗವಚಿಕೊಂಡೇ ನನ್ನತ್ತ ತಿರುಗಿದರು. "ನೋಡಿದವ್ರು ನೀವು. ಹೇಳ್ರಿ."

ಕಣ್ಣು ಮುಚ್ಚಿದೆ. ಹೂವು ಬಿಳಿಯಾಗಿ ಬಂತು. ಸುಮಿತ್ರಾ ನಿಟ್ಟುಸಿರಿಟ್ಟರು, ನೇರಳೆ ಗೆರೆ ಮೂಡಿತು. ದೇಸಾಯರು ಕೆಮ್ಮಿದರು; ಗೆರೆ ಅಳಿಸಿಹೋಯಿತು. ನೆನಪೂ ಒಂದು ಅಂಗಾಂಶ ಕೃಷಿಯೇ ಇರಬೇಕು. ಹೊರತೆಗೆದು ಹೊಸ ಬಾಟಲಿಗಿಟ್ಟಾಗಲೆಲ್ಲ ಒಂದಿಷ್ಟು ಬೇರೆಯಾಗುತ್ತದೆ.

"ನೆನಪಿಲ್ರಿ ಸರ."

"ಹಂಗಾರ ಯಾವ್ದು ಸುಡೋದು?"

"ಎರಡೂ ಇಟ್ಕೋಬೇಕಾಗ್ತದ್ರಿ," ಎಂದರು ಸುಮಿತ್ರಾ.

"ಪಿಎಚ್.ಡಿ. ಮಾಡಿ ಭಾಳ ಉಪಯೋಗಕ್ಕ ಬಂದ್ರಿ ನೋಡ್ರಿ!" ಎಂದು ದೇಸಾಯರು ನನಗೆ ಕೈ ಮುಗಿದು ಹೊರಟರು.

ಆ ಮಳೆಗಾಲದಲ್ಲಿ ಬಿಳಿ ಹೂಗಳ ಜತೆ ನೇರಳೆ ಗೆರೆಯವೂ ಸಹ್ಯಾದ್ರಿಯ ಮರಗಳನ್ನೇರಿದವು. ಅಂದು ಬೆಂಕಿಯಿಂದ ಪಾರಾದದ್ದು ತಾಯಿಯ ರೂಪವೋ, ತಾಯಿಗೆ ಗೊತ್ತೇ ಇರದ ಹೊಸ ರೂಪವೋ, ನಾನರಿಯೆ. ನನಗೆ ಚೆನ್ನಾಗಿ ನೆನಪಿದ್ದಿದ್ದರೆ ಯಾವುದೋ ಒಂದು ಬೂದಿಯಾಗಿರುತ್ತಿತ್ತು.